ಕಿತ್ತುಹಾಕಿದ ಅಧ್ಯಾಯ

ನಾನು ಪುಸ್ತಕಗಳ ಸಂಪಾದಕ. ಒಬ್ಬ ಕಾದಂಬರಿಕಾರರಿಗೂ ನನಗೂ ಒಂಬತ್ತು ವರ್ಷ ಕಾಗದದಲ್ಲೇ ಜಗಳ. ನಾನು ಒಂದು ಸಾಲು ಹೊಡೆದುಹಾಕಿದರೆ ಅವರು ಎರಡು ಪುಟ ಬೈದು ಬರೆಯುತ್ತಿದ್ದರು, ನಾನೂ ಬಿಡುತ್ತಿರಲಿಲ್ಲ. ಕೊನೆಯ ಕಾದಂಬರಿಯ ಏಳನೇ ಅಧ್ಯಾಯ ಬೇಡವೆಂದಾಗ, 'ಮುಟ್ಟಿ ನೋಡು, ನೆಟ್ಟಗಿರೋದಿಲ್ಲ' ಎಂದು ಬರೆದರು. ಮರುವಾರವೇ ತೀರಿಕೊಂಡರು.

ತಿಂಗಳು ಕಳೆದ ಮೇಲೆ ಒಂದು ಬೆಳಿಗ್ಗೆ ಆ ಅಧ್ಯಾಯವನ್ನು ಕಿತ್ತುಹಾಕಿದೆ. ಖುಷಿಯಾಗಲಿಲ್ಲವೆಂದರೆ ಸುಳ್ಳಾದೀತು. ಮಧ್ಯಾಹ್ನದ ಟಪಾಲಿನಲ್ಲಿ ಅವರ ಕೈಬರಹದ ಲಕೋಟೆ ಬಂತು. ಹೊರಗೆ ಸುಡು ಬಿಸಿಲು. ಲಕೋಟೆ ಮಾತ್ರ ಕೈ ಕೊರೆಯುವಷ್ಟು ತಣ್ಣಗಿತ್ತು. ಒಳಗೆ, 'ಏಳನೆಯದನ್ನು ವಾಪಸ್ ಹಾಕು' ಎಂದಷ್ಟೇ ಇತ್ತು. ಹಸಿ ಮಸಿ ಹೆಬ್ಬೆರಳಿಗೆ ಅಂಟಿತು.

ಯಾರೋ ಆಟವಾಡಿಸುತ್ತಿದ್ದಾರೆಂದು ಸಿಟ್ಟಿನಿಂದ ಅವರ ಹೆಂಡತಿಗೆ ಫೋನ್ ಮಾಡಿದೆ. ನಾನು ಬಾಯಿ ತೆರೆಯುವ ಮೊದಲೇ ಆಕೆ ಹರಿಹಾಯ್ದರು.

"ಸತ್ತೋರ ಜೊತೆನೂ ಜಗಳಾನಾ ನಿಮಗೆ? ದಿನಾ ಅವರ ಹೆಸರಿಗೆ ಒಂದೊಂದು ಕಾಗದ ಹಾಕ್ತೀರಲ್ಲ, ನಾಚಿಕೆ ಆಗಲ್ವಾ?"

"ನಾನು ಹಾಕಿಲ್ಲಮ್ಮ."

"ನಿಮ್ಮ ಅಕ್ಷರ ನನಗೆ ಗೊತ್ತಿಲ್ವಾ? ಬಂದು ನೋಡಿ!"

ಮರುದಿನ ಹೋದೆ. ಆಕೆ ಕೂರಲೂ ಹೇಳದೆ ಇಪ್ಪತ್ತೆಂಟು ಕಾಗದಗಳನ್ನು ಮೇಜಿನ ಮೇಲೆ ಎಸೆದರು. ಒಂದೊಂದನ್ನೇ ಓದಿದೆ. ಅಕ್ಷರ ನನ್ನದೇ, ಬೈಗುಳವೂ ನನ್ನದೇ. ಆದರೆ ಅವುಗಳಲ್ಲಿ ಒಂದನ್ನೂ ನಾನು ಬರೆದಿರಲಿಲ್ಲ.