ಅರೆಗಣ್ಣು

ಹಿರೀಸಾವೆಯಲ್ಲಿ ಹಾಸನದ ಬಸ್ಸು ನಿಂತಿರುವಷ್ಟು ಹೊತ್ತು ನಂಜಪ್ಪನ ಹೋಟ್ಲಿನಲ್ಲಿ ಯಾರಿಗೂ ತಲೆಯೆತ್ತಲು ಪುರಸೊತ್ತಿರುತ್ತಿರಲಿಲ್ಲ. ಗಲ್ಲಾದಲ್ಲಿ ನಂಜಪ್ಪ, ಚಟ್ನಿ ಬಡಿಸಲು ಅವನ ಹೆಂಡತಿ ಜಯಲಕ್ಷ್ಮಮ್ಮ, ಒಲೆಯ ಮುಂದೆ ದೋಸೆ ಹುಯ್ಯಲು ತಂಗಿ ಲಕ್ಕಮ್ಮ. ರಾಜ್ಯಕ್ಕಿನ್ನೂ ಮೈಸೂರೆಂದೇ ಹೆಸರಿದ್ದ ದಿನಗಳವು. ಲಕ್ಕಮ್ಮನನ್ನು ನೋಡಲು ಆಗಲೇ ಎರಡು ಗಂಡು ಬಂದುಹೋಗಿದ್ದವು. ಒಬ್ಬನಿಗೆ ನಗಲು ಬರುವುದಿಲ್ಲ, ಇನ್ನೊಬ್ಬನಿಗೆ ನಗು ನಿಲ್ಲಿಸಲು ಬರುವುದಿಲ್ಲ ಎಂದು ಅವಳೇ ಎರಡನ್ನೂ ತಳ್ಳಿಹಾಕಿದ್ದಳು.

ಒಂದು ಗುರುವಾರ ಬಸ್ಸು ಹೋದ ಮೇಲೆ ಹೊಸಬನೊಬ್ಬ ಸೈಕಲ್ಲನ್ನು ಗೋಡೆಗೊರಗಿಸಿ ಒಳಗೆ ಬಂದ. ಅವನ ಜೊತೆಯಲ್ಲಿ ಬಂದ ಮಂಚಯ್ಯ ಮಾತ್ರ ರಸ್ತೆಯಂಚಿನಲ್ಲೇ ನಿಂತ. ಮಂಚಯ್ಯ ಎತ್ತಿನ ವ್ಯಾಪಾರದಲ್ಲಿ ಹೆಸರು ಮಾಡಿದ್ದವನು. ಮಹಾರೋಗ ಬಂದು ಬೆರಳು ಮುರುಟಿಕೊಂಡ ಮೇಲೆ ಮಕ್ಕಳು ಅವನನ್ನು ಹೊಲದ ಗುಡಿಸಲಿಗೆ ಕಳಿಸಿಬಿಟ್ಟಿದ್ದರು.

"ಎರಡು ಟೀ" ಎಂದ ಹೊಸಬ.

ನಂಜಪ್ಪ ಒಂದನ್ನು ಗಾಜಿನ ಲೋಟದಲ್ಲಿ ಮೇಜಿನ ಮೇಲಿಟ್ಟ. ಇನ್ನೊಂದನ್ನು ತೆಂಗಿನ ಕರಟಕ್ಕೆ ಹುಯ್ದು ಹೊರಗಿನ ಕಲ್ಲಿನ ಮೇಲಿಡಲು ಹೊರಟ.

"ಯಜಮಾನ್ರೆ, ನಂಗೂ ಕರಟದಲ್ಲೇ ಕೊಡಿ."

"ತಮಾಸೆ ಮಾಡ್ಬ್ಯಾಡಿ ಸಾ."

"ತಮಾಷೆ ಅಲ್ಲ. ಅವರು ನನ್ನ ಜೊತೆ ಬಂದವರು. ಇಬ್ಬರಿಗೂ ಲೋಟ ಕೊಡಿ, ಇಲ್ಲಾ ಇಬ್ಬರಿಗೂ ಕರಟ ಕೊಡಿ."

ನಂಜಪ್ಪ ತಲೆ ಕೆರೆದುಕೊಂಡ. ಸರ್ಕಾರಿ ನೌಕರನಂತೆ ಕಾಣುವ ಮನುಷ್ಯನಿಗೆ ಕರಟದಲ್ಲಿ ಟೀ ಕೊಡುವುದು ಹೇಗೆ? ಅಷ್ಟರಲ್ಲಿ ಅಡುಗೆಮನೆಯ ಕಿಟಕಿಯಿಂದ ಲಕ್ಕಮ್ಮನ ದನಿ ಬಂತು.

"ಅಣ್ಣೋ, ಇದ್ದುದ್ದು ಅದೊಂದೇ ಕರಟ ಕಣಣ್ಣ. ಮಿಕ್ಕಿದ್ದೆಲ್ಲ ಒಲೆಗಾಕ್ಬುಟ್ಟೆ."

ಅದು ಹಸಿ ಸುಳ್ಳು. ಅವಳ ಕಾಲ ಬಳಿಯೇ ಕರಟದ ರಾಶಿ ಬಿದ್ದಿತ್ತು. ನಂಜಪ್ಪ ಗೊಣಗುತ್ತ ಎರಡನೆಯ ಲೋಟ ತೆಗೆದ. ಹೊಸಬ ಕಿಟಕಿಯತ್ತ ನೋಡಿದ. ಹೊಗೆಯ ನಡುವೆ ಎರಡು ಕಣ್ಣು ಕಂಡವು, ಕೂಡಲೇ ಮಾಯವಾದವು.

ಅವನ ಹೆಸರು ಪುಟ್ಟರಾಜು, ಹೊಳೆನರಸೀಪುರದ ಕಡೆಯವನು. ಕುಷ್ಠರೋಗ ನಿಯಂತ್ರಣದ ಕೆಲಸಕ್ಕೆಂದು ಸರ್ಕಾರ ಅವನನ್ನು ಚನ್ನರಾಯಪಟ್ಟಣಕ್ಕೆ ಹಾಕಿತ್ತು. ಗುರುವಾರ ಹಿರೀಸಾವೆಗೆ ಬಂದು ಊರಾಚೆಯ ಹೊಂಗೆ ಮರದ ಕೆಳಗೆ ಕೂತು ಗುಳಿಗೆ ಕೊಡುವನು. ಮಿಕ್ಕ ದಿನ ಹಳ್ಳಿ ತಿರುಗುವನು. ಗುಳಿಗೆ ಕೊಡುವುದೇನೋ ಸುಲಭ. ರೋಗಿಯನ್ನು ಮನೆಯೊಳಗೆ ಬಿಟ್ಟುಕೊಳ್ಳಿ ಎಂದು ಮಕ್ಕಳಿಗೂ ಸೊಸೆಯರಿಗೂ ತಿಳಿಹೇಳುವುದರಲ್ಲೇ ಅವನ ಗಂಟಲು ಒಣಗುತ್ತಿತ್ತು. ಜನರ ಮೈಮೇಲೆ ಮಚ್ಚೆ ಹುಡುಕುವ ಅವನಿಗೆ ಊರು 'ಮಚ್ಚೆ ಮೇಷ್ಟ್ರು' ಎಂದು ಹೆಸರಿಟ್ಟಿತು.

"ಮಂಚಯ್ಯ ಎಲ್ಲೀಗಂಟ ಬಂದ ಮೇಷ್ಟ್ರೆ?" ಎಂದು ಲಕ್ಕಮ್ಮ ಕಿಟಕಿಯಿಂದಲೇ ಕೇಳುವಳು.

"ಮಕ್ಕಳ ಮನೆ ಜಗಲಿಗೆ ಬಂದಿದ್ದಾರೆ. ಒಳಮನೆಗೆ ಇನ್ನಷ್ಟು ದಿನ ಬೇಕು. ಕರಟ ಏನಾಯ್ತು?"

"ನಮ್ಮನೇಲಿ ಕರಟ ಉಳ್ಯೋದೇ ಇಲ್ಲ. ಗುರುವಾರ ಬಂದ್ರೆ ಸಾಕು, ತಾವಾಗೇ ಸುಟ್ಟೋಯ್ತವೆ."

ಅವನು ಲೋಟದೊಳಗೆ ನಗುವನು. ಆ ನಗುವನ್ನು ಅವಳು ಮುಂದಿನ ಗುರುವಾರದವರೆಗೆ ಜೋಪಾನವಾಗಿಟ್ಟುಕೊಳ್ಳುವಳು.

*

ಕಣದ ಕೆಲಸ ಮುಗಿದ ಮೇಲೆ ಊರಿನ ಮನೆಮನೆಯ ತಪಾಸಣೆ ನಡೆಯಿತು. ನಂಜಪ್ಪನ ಮನೆಯ ಸರದಿ ಬಂದಾಗ ಜಯಲಕ್ಷ್ಮಮ್ಮ ಕೂಸನ್ನು ತೊಡೆಯ ಮೇಲಿಟ್ಟುಕೊಂಡು ಪಕ್ಕದಲ್ಲೇ ಕೂತಳು. ಲಕ್ಕಮ್ಮನ ಎಡಗೈಯಲ್ಲಿ, ಮೊಣಕೈಗಿಂತ ಕೆಳಗೆ, ಹುಣಸೆಬೀಜದಷ್ಟಗಲ ಮಾಸಲು ಬಿಳುಪಿನ ಕಲೆಯೊಂದಿತ್ತು. ಬಿಸಿಲಿಗೆ ಆಗಿದ್ದೆಂದು ಅವಳು ಅದನ್ನು ಲೆಕ್ಕಕ್ಕಿಟ್ಟಿರಲಿಲ್ಲ.

ಪುಟ್ಟರಾಜು ಹತ್ತಿಯನ್ನು ಹೊಸೆದು ಎಳೆ ಮಾಡಿದ.

"ಕಣ್ಣು ಮುಚ್ಚು. ಇದು ಮುಟ್ಟಿದ್ದು ಎಲ್ಲಿ ಗೊತ್ತಾಗ್ತದೋ ಅಲ್ಲಿ ಬೆರಳಿಟ್ಟು ತೋರಿಸು."

ಅವಳು ಕಣ್ಣು ಮುಚ್ಚಿದಳು. ಅಂಗೈಯ ಮೇಲೆ ಏನೋ ಇರುವೆ ಹರಿದಂತಾಯಿತು; ತೋರಿಸಿದಳು. ಮಣಿಕಟ್ಟಿನ ಮೇಲೆ, ತೋರಿಸಿದಳು. ಮೈ ಜುಂ ಎಂದಿತು. ಇಷ್ಟು ಹತ್ತಿರ ಬಂದವನ ಮುಖವನ್ನು ಒಂದು ಸಲ ನೋಡಿಬಿಡಬೇಕೆಂಬ ಆಸೆಗೆ ರೆಪ್ಪೆ ತಾನಾಗಿ ಅರೆ ತೆರೆಯಿತು. ಆ ಸಂದಿಯಲ್ಲಿ ಅವನ ಮೇಲ್ದುಟಿಯ ಬೆವರು ಕಂಡಿತು. ಎಳೆ ಬಂದು ಆ ಕಲೆಯ ಮೇಲೆ ಕೂತದ್ದೂ ಕಂಡಿತು. ಅವಳು ಅಲ್ಲಿಗೆ ಬೆರಳಿಟ್ಟಳು. ಗೊತ್ತಾಗಿ ಇಟ್ಟಳೋ, ಕಂಡು ಇಟ್ಟಳೋ, ಆಗ ಅವಳಿಗೆ ಆ ಯೋಚನೆಯೇ ಬರಲಿಲ್ಲ.

ಪುಟ್ಟರಾಜು ತಲೆಯೆತ್ತಿದ. ಅವಳು ತಟ್ಟನೆ ಕಣ್ಣು ಮುಚ್ಚಿಕೊಂಡಳು. ಅವನು ಪಕ್ಕದ ಚೀಲಕ್ಕೆ ಕೈ ಹಾಕಿ, ಬರಿಗೈ ಹಿಂದಕ್ಕೆ ತೆಗೆದ.

"ಸಿಬ್ಬು ಇರಬೇಕು. ಏನಿಲ್ಲ, ಏಳು" ಎಂದ. ಅವನ ದನಿ ಗೊಗ್ಗರಾಗಿತ್ತು. ಆ ಗೊಗ್ಗರು ತನ್ನಿಂದಲೇ ಬಂದದ್ದೆಂದು ಲಕ್ಕಮ್ಮ ಹಿಗ್ಗಿದಳು.

*

ಗೌರಿ ಹಬ್ಬದ ಹಿಂದಿನ ದಿನ ಬಸ್ಸಿನ ತುಂಬ ಜನ. ಲಕ್ಕಮ್ಮ ಬಲಗೈಯಲ್ಲಿ ದೋಸೆ ಮಗುಚುತ್ತ ಬಾಗಿಲಿನತ್ತ ನೋಡುತ್ತಿದ್ದಳು.

"ಅಯ್ಯೋ, ಏನೇ ಅದು ಕಮಟು!" ಎಂದು ಜಯಲಕ್ಷ್ಮಮ್ಮ ಕೂಗಿ ಅವಳ ಎಡಗೈಯನ್ನು ಎಳೆದಳು. ಕಿರುಬೆರಳು ಕಾವಲಿಯ ಅಂಚಿಗೆ ತಗುಲಿ ಬೆಂದಿತ್ತು. "ಉರೀನೂ ಆಗ್ಲಿಲ್ವೇನೇ ನಿಂಗೆ?"

"ಆಯ್ತು ಕಣತ್ತಿಗೆ" ಎಂದಳು ಲಕ್ಕಮ್ಮ. ಆಗಿರಲಿಲ್ಲ.

ಹಿತ್ತಿಲಿಗೆ ಹೋಗಿ ಕೂತು, ಪೊರಕೆಕಡ್ಡಿಯೊಂದನ್ನು ಮುರಿದು, ಈ ಸಲ ನಿಜವಾಗಿ ಕಣ್ಣು ಮುಚ್ಚಿ ಆ ಕಲೆಯ ಮೇಲೆ ಒತ್ತಿದಳು. ಏನೂ ಇಲ್ಲ. ಬೇರೆ ಯಾರದೋ ಕೈಯನ್ನು ಒತ್ತಿದಂತೆ. ತಪಾಸಣೆಯ ದಿನ ಅವಳ ಕೈಗೆ ಏನೂ ಗೊತ್ತಾಗಿರಲಿಲ್ಲ, ಗೊತ್ತಾದದ್ದು ಕಣ್ಣಿಗೆ. ಪರೀಕ್ಷೆಯಲ್ಲಿ ಕದ್ದು ಬರೆದವಳಂತೆ ಪಾಸಾಗಿದ್ದಳು. ಒಬ್ಬ ಗಂಡಸಿನ ಮುಖ ನೋಡುವ ಚಪಲಕ್ಕೆ.

ಅವತ್ತಿನಿಂದ ಅವಳು ಕೂಸನ್ನು ಎತ್ತಿಕೊಳ್ಳಲಿಲ್ಲ. ಅದು ಸೆರಗು ಹಿಡಿದು ಜಗ್ಗಿದರೆ ಬಿಡಿಸಿಕೊಂಡು ಸರಿದಳು. ಇಷ್ಟು ದಿನ ಅದೇ ಕೈಯಲ್ಲಿ ಅದನ್ನು ಎತ್ತಿ ಆಡಿಸಿದ್ದಳಲ್ಲ, ಬಸ್ಸಿನ ಜನಕ್ಕೆಲ್ಲ ಹಿಟ್ಟು ಕಲಸಿದ್ದಳಲ್ಲ ಎಂದು ನೆನೆದು ಎಡಗೈಯನ್ನು ಸೆರಗಿನೊಳಗೆ ಸುತ್ತಿಕೊಂಡು ಬಲಗೈಯಲ್ಲೇ ದೋಸೆ ಹುಯ್ಯುತ್ತಿದ್ದಳು. "ಏನ್ ಬಂದದೆ ನಿಂಗೆ? ಕೂಸು ಅತ್ತತ್ತು ಸಾಯ್ತದೆ, ತಿರುಗ್ ನೋಡಕಿಲ್ಲ" ಎಂದು ಅತ್ತಿಗೆ ಬೈದಳು. ಗುರುವಾರ ಕಿಟಕಿಯ ಬಾಗಿಲು ಮುಚ್ಚಿರುತ್ತಿತ್ತು. ಪುಟ್ಟರಾಜು ಟೀ ಆರುವವರೆಗೆ ಕೂತು, ಕುಡಿಯದೆ ಎದ್ದುಹೋಗುವನು.

ಕಿರುಬೆರಳು ಮೆಲ್ಲನೆ ಒಳಕ್ಕೆ ಬಾಗತೊಡಗಿತು. ಒಂದು ಗುರುವಾರ, ರೋಗಿಗಳೆಲ್ಲ ಹೋದ ಮೇಲೆ, ಅವಳು ಹೊಂಗೆ ಮರದ ಕೆಳಗೆ ಹೋಗಿ ನಿಂತಳು.

"ಮೇಷ್ಟ್ರೆ, ಅವತ್ತು ನಾನು ಕಣ್ಣು ಬುಟ್ಟಿದ್ದೆ."

ಪುಟ್ಟರಾಜು ಅವಳ ಮುಖ ನೋಡಿದ, ಬೆರಳು ನೋಡಿದ. ಕೈಯಲ್ಲಿದ್ದ ಔಷಧಿ ಡಬ್ಬಿಯನ್ನು ಕೆಳಗಿಟ್ಟ.

"ಮೊದ್ಲು ಇದೊಂದ ಏಳಿ" ಎಂದಳು ಲಕ್ಕಮ್ಮ. "ನಮ್ಮ ಕೂಸಿಗೂ ಬಂದಾತಾ?"

"ಇಲ್ಲ. ಇದು ಒಂದೇ ಮಚ್ಚೆಯ ಜಾತಿ, ಇನ್ನೊಬ್ಬರಿಗೆ ದಾಟೋದಲ್ಲ. ನಾಳೇನೇ ಬಂದು ಕೂಸನ್ನ ನೋಡ್ತೀನಿ. ನೀನು ಹೆದರಬೇಡ."

ಅವಳು ಹಾಗೇ ನೆಲಕ್ಕೆ ಕುಸಿದು ಅತ್ತಳು. "ನಾನೇ ಮಾಡ್ಕಂಡಿದ್ದು. ನಿಮ್ಗೆ ಮೋಸ ಮಾಡ್ದೆ."

"ಮೋಸ ಆಗಲಿಲ್ಲ ಲಕ್ಕಮ್ಮ. ನಂಗೆ ಗೊತ್ತಿತ್ತು."

ಅಳು ನಿಂತಿತು.

"ಏನ್ ಗೊತ್ತಿತ್ತು?"

"ನೀನು ನೋಡ್ತಾ ಇದ್ದದ್ದು. ಅನುಮಾನ ಬಂದರೆ ಕಣ್ಣಿಗೆ ಬಟ್ಟೆ ಕಟ್ಟಬೇಕು ಅಂತ ನಮಗೆ ಹೇಳಿಕೊಟ್ಟಿದ್ದಾರೆ. ಬಟ್ಟೆ ಚೀಲದಲ್ಲೇ ಇತ್ತು. ನೀನು ನೋಡೋದು ನಿಂತುಹೋಗ್ತದಲ್ಲ ಅಂತ... ಸಿಬ್ಬು, ಸಿಬ್ಬು ಅಂತ ನನಗೆ ನಾನೇ ಹೇಳಿಕೊಂಡೆ. ಆಗಲೇ ಗುಳಿಗೆ ಕೊಟ್ಟಿದ್ದರೆ ಈ ಬೆರಳು ಬಾಗ್ತಿರಲಿಲ್ಲ."

ಲಕ್ಕಮ್ಮ ಎದ್ದು ನಿಂತಳು. ಇಷ್ಟು ದಿನ ಒಬ್ಬಳೇ ಹೊತ್ತಿದ್ದ ತಪ್ಪಿನಲ್ಲಿ ಅರ್ಧ ಇಳಿದಂತಾಗಿ, ಆ ಅರ್ಧದ ಜಾಗದಲ್ಲಿ ಸಿಟ್ಟು ಬಂದು ಕೂತಿತು.

"ನಾನು ಓದ್ದೋಳಲ್ಲ, ಹುಡುಗಾಟಕ್ಕೆ ಮಾಡ್ದೆ. ನೀವು? ಅದೇ ಕೆಲಸಕ್ಕೆ ಅಲ್ವಾ ನೀವು ಊರೂರು ಅಲೆಯೋದು?"

ಅವನು ತಲೆ ತಗ್ಗಿಸಿದ. ಅದು ಅವಳ ಸಿಟ್ಟನ್ನು ಇನ್ನಷ್ಟು ಹೆಚ್ಚಿಸಿತು.

*

ಲಕ್ಕಮ್ಮ ಮನೆಗೆ ಬಂದು ಹೇಳಿದ್ದನ್ನು ಕೇಳಿ ನಂಜಪ್ಪ ಕಂಬಕ್ಕೆ ಒರಗಿದ. "ಓಟ್ಲು ಮುಚ್ಕಂಡೋಯ್ತದೆ ಕಣವ್ವ. ಯಾರಿಗೂ ತಿಳೀಬಾರ್ದು. ಮೇಷ್ಟ್ರು ಹಿತ್ಲ ಬಾಗ್ಲಲ್ಲಿ ಗುಳಿಗೆ ತಂದ್ಕೊಡ್ಲಿ."

"ತಂದುಕೊಡ್ತೀನಿ" ಎಂದ ಪುಟ್ಟರಾಜು, ಬಾಗಿಲ ಬಳಿ ನಿಂತು.

ಲಕ್ಕಮ್ಮ ಅವನತ್ತ ತಿರುಗಿದಳು. "ಮಂಚಯ್ಯನ ಮಕ್ಕಳಿಗೆ ಏನ್ ಏಳಿದ್ರಿ ಮೇಷ್ಟ್ರೆ? ಬಚ್ಚಿಟ್ರೆ ಬೆಳೀತದೆ, ಬಯಲಿಗೆ ತಂದ್ರೆ ವಾಸಿ ಆಯ್ತದೆ ಅಂತ ತಾನೆ? ಅದೇನು ಬರೀ ಅವ್ರಿಗೆ ಏಳೋ ಮಾತಾ? ನಂದೊಂದು ತಪ್ಪು, ನಿಮ್ದೊಂದು ತಪ್ಪು. ಮೂರನೇದು ಬ್ಯಾಡ."

ಮುಂದಿನ ಗುರುವಾರ ಅವಳು ಹಗಲು ಹೊತ್ತಿನಲ್ಲಿ, ಊರ ನಡುವಿನ ದಾರಿಯಲ್ಲೇ ನಡೆದುಹೋಗಿ ಹೊಂಗೆ ಮರದ ಕೆಳಗೆ ಮಂಚಯ್ಯನ ಪಕ್ಕ ಕೂತಳು. ಸುದ್ದಿ ಅವಳಿಗಿಂತ ಮೊದಲೇ ಮನೆಗೆ ಬಂದಿತ್ತು.

ಊರಿನವರು ಹೋಟ್ಲಿಗೆ ಬರುವುದನ್ನು ಬಿಟ್ಟರು. ಜಯಲಕ್ಷ್ಮಮ್ಮ ಒಲೆಯ ಮುಂದೆ ಕೂತಳು. ಅವಳ ದೋಸೆ ಒಂದು ಕಡೆ ಹಪ್ಪಳ, ಇನ್ನೊಂದು ಕಡೆ ಹಿಟ್ಟು. ಪುಟ್ಟರಾಜು ಗುರುವಾರ ತಪ್ಪದೆ ಎದುರು ಬೆಂಚಿನಲ್ಲಿ ಕೂತು, ದಾರಿಯವರಿಗೆಲ್ಲ ಕಾಣುವಂತೆ ಆ ದೋಸೆಯನ್ನು ತಿಂದ. ಪಂಚಾಯ್ತಿ ಛೇರ್ಮನ್ನರ ಮನೆಗೆ ಓಡಾಡಿದ, ಸಂತೆಯಲ್ಲಿ ನಿಂತು ಮಾತಾಡಿದ. ಮೊದಲು ಲಾರಿಯವರು ಬಂದರು, ಆಮೇಲೆ ಮಂಚಯ್ಯನ ಮಕ್ಕಳೇ ಬಂದರು. ಒಂದು ದಿನ ಜಯಲಕ್ಷ್ಮಮ್ಮ ಕೂಸನ್ನು ತಂದು ಲಕ್ಕಮ್ಮನ ಮಡಿಲಿಗೆ ಹಾಕಿ, "ಇಡ್ಕ. ನಂಗೆ ಕೆಲ್ಸ ಅದೆ" ಎಂದಷ್ಟೇ ಹೇಳಿ ಹೋದಳು.

ಆದರೆ ಪುಟ್ಟರಾಜುವಿಗೆ ಅವಳ ಬೆರಳನ್ನು ಬಿಟ್ಟು ಬೇರೇನೂ ಕಾಣುತ್ತಿರಲಿಲ್ಲ. ಗುಳಿಗೆ ಕೊಡುವಾಗಲೆಲ್ಲ ದನಿ ತಗ್ಗಿಸಿ, "ತಪ್ಪಾಯ್ತು ಲಕ್ಕಮ್ಮ" ಎನ್ನುವನು. ಒಂದು ದಿನ ಅದೇ ದನಿಯಲ್ಲಿ, "ನನ್ನ ಮದುವೆ ಆಗ್ತೀಯಾ?" ಎಂದೂ ಕೇಳಿದ.

ಎಷ್ಟು ದಿನದಿಂದ ಕಾದಿದ್ದ ಮಾತು! ಆದರೂ ಅವಳು ಹಿಗ್ಗಲಿಲ್ಲ.

"ದಂಡ ಕಟ್ಟೋಕೆ ಕೇಳ್ತೀರಾ? ದಿನಾ ಬೆಳಿಗ್ಗೆ ಎದ್ದು ನನ್ ಬೆರಳಿಗೆ ಕೈ ಮುಗಿಯೋ ಗಂಡ ನಂಗ್ಯಾಕೆ? ನಿಮ್ಮುಖ ನೋಡ್ದಾಗೆಲ್ಲ ನಂಗೂ ನನ್ ತಪ್ಪೇ ನೆಪ್ಪಾಯ್ತದೆ. ಇಬ್ರು ಕೂತ್ಕಂಡು ಅತ್ಕಂಡಿರನಾ?"

ಅವನು ಮತ್ತೆ ಕೇಳಲಿಲ್ಲ. ಅವಳು ಮನೆಗೆ ಬಂದು ಕತ್ತಲ ಮೂಲೆಯಲ್ಲಿ ಕೂತು, ಹಾಗೆ ಅಂದದ್ದಕ್ಕೂ ನೊಂದಳು.

ಮತ್ತೊಂದು ಸುಗ್ಗಿ ಬಂತು. ಒಂದು ಗುರುವಾರ ಲಕ್ಕಮ್ಮ ಸಾಲಿನಲ್ಲಿ ಕೂತು ಎಡಗೈ ಚಾಚಿದಳು. ಅಂಗೈಯ ಅಂಚು ತುರಿಮಣೆಗೆ ಸಿಕ್ಕಿ ಆಳವಾಗಿ ಹರಿದಿತ್ತು; ಗಾಯದೊಳಗೆ ಮಣ್ಣು. ಪುಟ್ಟರಾಜು ನೋಡಿದ. ಮರುಗಳಿಗೆ ಮರದ ಮೇಲಿನ ಕಾಗೆಗಳು ಹಾರಿದವು.

"ಬುದ್ಧಿ ಐತಾ ನಿಂಗೆ? ತುರಿಮಣೆ ಮುಟ್ಟಬೇಡ ಅಂತ ಎಷ್ಟು ಸಲ ಬಡ್ಕಂಡಿದ್ದೀನಿ! ಒಂದು ಬಟ್ಟೆ ಚೂರು ಸುತ್ತೋಕೆ ಆಗ್ಲಿಲ್ವಾ? ಕೈಯೇನು ಊರವರದ್ದಾ? ನಾನೇನು ನಿನ್ನ ಹಿಂದೇನೇ ಇಪ್ಪತ್ತನಾಲ್ಕು ಗಂಟೆ ಕಾವಲು ಕಾಯ್ಲಾ?"

ಅವಳೂ ಬಿಡಲಿಲ್ಲ. "ಅಬ್ಬಕ್ಕೆ ಒಬ್ಬಟ್ಟು ನೀವ್ ಬಂದು ಮಾಡ್ತಿದ್ರಾ?"

"ಮಾಡ್ತಿದ್ದೆ! ಹೇಳಿದ್ರೆ ಬಂದು ತುರಿದು ಕೊಡ್ತಿದ್ದೆ! ಬಾಯಿ ಇರೋದು ವಾದಿಸೋಕೆ ಮಾತ್ರ!"

ಮಂಚಯ್ಯ ಕೆಮ್ಮಿದ. "ಏನ್ ಸಾ, ಕಟ್ಕಂಡ ಎಂಡ್ರಿಗೆ ಬೈದಂಗೆ ಬೈತಿದ್ದೀರಿ?"

ಪುಟ್ಟರಾಜುವಿನ ಮುಖ ಕೆಂಪಾಯಿತು. ತಲೆ ಬಗ್ಗಿಸಿ ಗಾಯ ತೊಳೆದ, ಔಷಧಿ ಹಚ್ಚಿದ, ಬಟ್ಟೆಯ ಒಂದು ತುದಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡು ಇನ್ನೊಂದನ್ನು ಸುತ್ತತೊಡಗಿದ. ಕೈ ಒರಟಾಗಿತ್ತು, ಕೋಪ ಇನ್ನೂ ಇಳಿದಿರಲಿಲ್ಲ. ಇವತ್ತು 'ತಪ್ಪಾಯ್ತು' ಎನ್ನುವುದನ್ನೇ ಅವನು ಮರೆತಿದ್ದ. ಲಕ್ಕಮ್ಮ ಅವನ ಗಂಟಿಕ್ಕಿದ ಹುಬ್ಬನ್ನು ನೋಡಿದಳು. ಎಷ್ಟೋ ತಿಂಗಳ ಮೇಲೆ ಅವಳೊಳಗೆ ಏನೋ ಸಡಿಲವಾಗಿ ನಗು ಬಂತು.

"ಇವತ್ತು ಕೇಳಿ" ಎಂದಳು.

ಅವನು ಬಾಯಲ್ಲಿ ಬಟ್ಟೆ ಕಚ್ಚಿಕೊಂಡೇ ತಲೆಯೆತ್ತಿದ. ಅರ್ಥವಾಗಲು ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಕೈ ಸುತ್ತುವುದನ್ನು ಮರೆಯಿತು.

"ಬಾಯಲ್ಲಿರೋದ ತೆಗೀರಿ ಸಾ, ಆಮೇಲ್ ಕೇಳೀರಂತೆ" ಎಂದ ಮಂಚಯ್ಯ.

ಪುಟ್ಟರಾಜು ಬಟ್ಟೆ ಬಿಗಿದು, ಮಿಕ್ಕಿದ್ದನ್ನು ಕತ್ತರಿಸಿ, ಆಮೇಲೆ ಕೇಳಿದ. ಸಾಲಿನ ಕೊನೆಯಲ್ಲಿದ್ದ ಕಿವುಡಿ ಮಾದಮ್ಮನಿಗೂ ಕೇಳಿಸುವಷ್ಟು ಜೋರಾಗಿ ಕೇಳಿದ.

"ನಮ್ಮಣ್ಣನ್ನ ಕೇಳಿ" ಎಂದಳು ಲಕ್ಕಮ್ಮ, ಗುಳಿಗೆಗೆ ಇನ್ನೊಂದು ಕೈ ಚಾಚುತ್ತ. "ಆದ್ರೆ ನಿಮ್ಮನ್ನೇ ಆಗೋದು ಅಂತ ಅವ್ನಿಗೆ ನಾನು ಏಳಿ ಆಗ್ಲೇ ತಿಂಗ್ಳಾಯ್ತು."