ಯಹೈರಾಳ ಅಕ್ಷರದ ಹಾಡುಗಳು

“ಹಾಡು ಕೊಡ್ತೀಯೋ ಇಲ್ವೋ?” ಎಂದು ಅಬ್ಬರಿಸಿದ ರೆಯ್ನಾಲ್ದೊ, ಹೆಂಡತಿ ಯಹೈರಾಳ ಮಡಿಲಲ್ಲಿದ್ದ ತಂತಿವಾದ್ಯವನ್ನು ಕಿತ್ತು ಅವಳ ಬೆರಳುಗಳ ಮೇಲೆಯೇ ಬಡಿದ! ಬಾರ್ಕಿಸಿಮೆಟೊ ಪಟ್ಟಣದ ಸುಡುಬಿಸಿಲ ಮಧ್ಯಾಹ್ನ ಅದು. ಸದ್ದು ಆಚೆ ಹೋಗದಂತೆ ಹಳೆಯ ಹಾಸಿಗೆಗಳನ್ನು ಗೋಡೆಗೆ ಜಡಿದು ಅವಳು ತಾನೇ ಮಾಡಿಕೊಂಡಿದ್ದ ಧ್ವನಿಮುದ್ರಣದ ಕೋಣೆ ಅವಳ ಚೀರಾಟವನ್ನು ನುಂಗಿಬಿಟ್ಟಿತು...

ಎರಡು ವರ್ಷದಿಂದ ಅವಳು ಮಕ್ಕಳಿಗಾಗಿ ಎಣಿಕೆಯ ಹಾಡು, ಅಕ್ಷರದ ಹಾಡು ಕಟ್ಟುತ್ತಿದ್ದಳು. ಶಿಶುವಿಹಾರದಲ್ಲಿ ಹಾಡಿ ತೋರಿಸುವಳು. ಮಕ್ಕಳ ಬಾಯಿಗೆ ಹತ್ತದಿದ್ದರೆ ಹರಿದೆಸೆದು ಮತ್ತೆ ಬರೆಯುವಳು. ಮನೆಮನೆಗೆ ಅಲೆದು ಸಿ.ಡಿ. ಮಾರುವಳು. ಈಗ ರಾಜಧಾನಿ ಕರಾಕಾಸ್‌ನ ವ್ಯಾಪಾರಿಯೊಬ್ಬನಿಗೆ ಆ ಹಾಡುಗಳು ಬೇಕಾಗಿದ್ದವು. ಕುಣಿತದ ತಾಳ ಹಾಕಿ, ನಡುವೆ ಪೋಲಿ ಮಾತು ತುರುಕಿ ಮಾರುವುದು ಅವನ ಲೆಕ್ಕ. ರೆಯ್ನಾಲ್ದೊ ಆಗಲೇ ಮಾತು ಕೊಟ್ಟು ಬಂದಿದ್ದ.

“ಮೂರು ವರ್ಷದ ಮಕ್ಕಳ ಬಾಯಿಗೆ ಆ ಹೊಲಸು ಹಾಕ್ಲಾ? ಕೊಂದ್ರೂ ಕೊಡಲ್ಲ!”

“ಹಾಗಾದ್ರೆ ಸಾಯಿ!” ಅವಳ ಜಡೆ ಹಿಡಿದು ತಲೆಯನ್ನು ಮೇಜಿಗೆ ಅಪ್ಪಳಿಸಿದ.

ಬಾಗಿಲಲ್ಲಿ ಅವನ ತಾಯಿ ಎರ್ಮೆಲಿಂದಾ ನಿಂತಿದ್ದಳು, ಕೈಗೆ ಜೋಳದ ಹಿಟ್ಟು ಮೆತ್ತಿತ್ತು. ಒಂಬತ್ತು ವರ್ಷ ಸೊಸೆಯನ್ನು ಹಂಗಿಸಿದ ಬಾಯಿ ಅವಳದು. ಬೆಳಿಗ್ಗೆಯಷ್ಟೇ “ಎರಡು ಬಿಗಿಯೋ, ಬುದ್ಧಿ ಬರುತ್ತೆ” ಎಂದು ಮಗನನ್ನು ಛೂ ಬಿಟ್ಟವಳೂ ಅವಳೇ. ಈಗ ಸೊಸೆಯ ಹಣೆಯಿಂದ ರಕ್ತ ಧಾರೆಯಾಗಿ ಇಳಿಯುವುದನ್ನು ಕಂಡು ಅವಳ ಎದೆ ಒಡೆಯಿತು. ಒಳಗೋಡಿ ಕಬ್ಬಿಣದ ಕಾವಲಿ ತಂದವಳೇ ಮಗನ ಮೊಣಕೈ ಮೇಲೆ ಬಾರಿಸಿದಳು!

“ಅಮ್ಮಾ! ನಿಂಗೇನ್ ಹುಚ್ಚಾ?”

“ಬಿಡೋ ಅವಳನ್ನ, ಪಾಪಿ!”

ಅವನು ತಾಯಿಯ ಮುಖಕ್ಕೇ ಗುದ್ದಿದ. ಹಲ್ಲೊಂದು ನೆಲಕ್ಕೆ ಬಿತ್ತು. ಆದರೂ ಮುದುಕಿ ಸೊಸೆಯ ಮೇಲೆ ಕವುಚಿ ಬಿದ್ದು, ಒದೆಗಳನ್ನೆಲ್ಲ ತನ್ನ ಬೆನ್ನಿಗೇ ತಿಂದಳು. ತೆರೆದ ಬಾಗಿಲಿನಿಂದ ಕೂಗು ಕೇಳಿ ನೆರೆಯವರು ನುಗ್ಗಿ ಬಂದು ಅವನನ್ನು ಹಿಡಿದರು.

ಸಂಜೆ ಠಾಣೆಯಲ್ಲಿ ಯಹೈರಾಳ ಬಲಗೈ ಪಟ್ಟಿಯೊಳಗಿತ್ತು. ಅಧಿಕಾರಿ ದೂರನ್ನು ಓದಿ ಹೇಳಿ, ಶಾಯಿಯ ಡಬ್ಬಿಯನ್ನು ಮುದುಕಿಯತ್ತ ತಳ್ಳಿದ. “ಹೆಬ್ಬೆಟ್ಟು ಒತ್ತಿ, ಸೆನ್ಯೋರಾ. ಯೋಚನೆ ಮಾಡಿ... ಮಗ ಜೈಲಿಗೆ ಹೋಗ್ತಾನೆ.”

“ಪೆನ್ನು ಕೊಡಪ್ಪ,” ಎಂದಳು ಎರ್ಮೆಲಿಂದಾ.

ಯಹೈರಾ ಬೆರಗಾದಳು. “ಅತ್ತೆ... ನಿಮಗೆ ಬರೆಯೋಕೆ...?”

“ಅಡಿಗೆಮನೇಲಿ ಕೂತು ದಿನಾ ನಿನ್ನ ಹಾಡಿನ ಸಿ.ಡಿ. ಕೇಳ್ತಿದ್ದೆ ಕಣೇ. ಅಡ್ಡಗೆರೆ, ಉದ್ದಗೆರೆ ಅಂತ ಹಾಡಲ್ಲಿ ಹೇಳಿದ ಹಾಗೇ ಹಿಟ್ಟಲ್ಲಿ ಗೀಚಿ ಕಲ್ತೆ. ಹೇಳೋಕೆ ನಾಚಿಕೆ ಆಯ್ತು.”

ಊದಿದ ತುಟಿಯಲ್ಲೇ ಗುನುಗುತ್ತ ಅವಳು ತನ್ನ ಹೆಸರಿನ ಒಂದೊಂದೇ ಅಕ್ಷರ ಬರೆದಳು. ಕೊನೆಯ ಅಕ್ಷರಕ್ಕೆ ಬಂದಾಗ ಒಳಗಿನ ಲಾಕಪ್ಪಿನಿಂದ “ಅಮ್ಮಾ...” ಎಂದು ಮಗ ರೆಯ್ನಾಲ್ದೊ ಅಳುವುದು ಕೇಳಿಸಿತು. ಕೈ ನಿಂತಿತು. ಕಣ್ಣೀರು ಕಾಗದದ ಮೇಲೆ ಬಿತ್ತು... ಮುದುಕಿ ಅಂಗೈಯಿಂದಲೇ ಅದನ್ನು ಒರೆಸಿ, ಹೆಸರನ್ನು ಪೂರ್ತಿ ಮಾಡಿದಳು.