ಹೆಸರಿಲ್ಲದ ಪುಟ್ಟ ಪುಸ್ತಕಗಳು

"ರೀ, ನಿಲ್ಲಿ! ಅವು ಮಕ್ಕಳಿಗೆ ಅಂತ ಇಟ್ಟಿರೋ ಪುಸ್ತಕ. ಅಷ್ಟನ್ನೂ ಬಾಚ್ಕೊಂಡು ಎಲ್ಲಿಗೆ ಹೊರಟ್ರಿ?"

ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಲ್ಲಿ ಕಾಯುತ್ತಿದ್ದವರೆಲ್ಲ ಕೆನ್ನೆ ಹಿಡಿದುಕೊಂಡೇ ತಲೆ ಎತ್ತಿದರು.

ಬುಟ್ಟಿಯ ಮುಂದೆ ಬಗ್ಗಿದ್ದವನು ತಿರುಗಿದ. ಬೆರಳಿಗೆಲ್ಲ ನೀಲಿ ಶಾಯಿ. ಕೈಚೀಲದ ತುಂಬ ಎಂಟೆಂಟು ಪುಟದ ಪುಟ್ಟ ಪುಸ್ತಕಗಳು. ಕೂಗಿದವಳನ್ನೊಮ್ಮೆ ನೋಡಿದ, ತುಟಿ ತೆರೆದ... ಏನೂ ಹೇಳದೆ ಹೊರಟೇ ಹೋದ!

'ಎಂಥಾ ಜಂಬ! ಕದಿಯೋದೂ ಅಲ್ಲದೆ ಉತ್ತರಾನೂ ಇಲ್ಲ!' ಅವಳ ಮೈ ಉರಿಯಿತು.

ಅವಳು ಮನೆಯಲ್ಲೇ ಬಟ್ಟೆ ಹೊಲಿಯುವವಳು. ಅಕ್ಕನ ಮಗಳು ಗುಬ್ಬಿಗೆ ಏಳು ವರ್ಷ. ತಡವರಿಸಿ ಓದಿದಾಗ ತರಗತಿಯೆಲ್ಲ ನಕ್ಕಿದ್ದೇ ತಡ, ಮಗು ಬಾಯಿಬಿಟ್ಟು ಓದುವುದನ್ನೇ ನಿಲ್ಲಿಸಿತ್ತು. ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದ ಅಕ್ಕ ಶಾಲೆ ಬಿಡಿಸಿ, "ಮನೇಲೇ ನೀನು ಕಲಿಸೇ" ಎಂದಿದ್ದಳು. ಅಂದಿನಿಂದ ಹೊಲಿಗೆ ಯಂತ್ರದ ಪಕ್ಕದಲ್ಲೇ ಪಾಠ.

ಉಚಿತ ಪುಸ್ತಕಕ್ಕಾಗಿ ಅವಳು ಹುಡುಕದ ಜಾಗವಿಲ್ಲ. ಮೊಬೈಲಿಗೆ ಇಳಿಸಿಕೊಂಡವೇ ನೂರಾರು. ಎರಡನೇ ಪುಟಕ್ಕೇ 'ಸಾಮ್ರಾಜ್ಯ', 'ಪರಾಕ್ರಮ'! ಗುಬ್ಬಿ ಮುಖ ತಿರುಗಿಸಿಬಿಡುತ್ತಿದ್ದಳು.

ಕೊನೆಗೆ ಕ್ಲಿನಿಕ್ಕಿನ ಈ ಬುಟ್ಟಿಯಲ್ಲಿ ಸಿಕ್ಕಿತ್ತು 'ಆಮೆಯ ಹಸಿವು'. ಪುಟಕ್ಕೊಂದೇ ಸಾಲು, ಒಂದೂ ಒತ್ತಕ್ಷರವಿಲ್ಲ. ಗುಬ್ಬಿ ಪೂರ್ತಿ ಓದಿ, "ಚಿಕ್ಕಿ, ಇನ್ನೊಂದು ಇದ್ಯಾ?" ಎಂದಿದ್ದಳು. ಅದಕ್ಕೇ ಅವಳು ಇವತ್ತು ಮತ್ತೆ ಕ್ಲಿನಿಕ್ಕಿಗೆ ಬಂದಿದ್ದು.

ಮಾಡಿದವರ ಹೆಸರೇ ಇಲ್ಲ... ಯಾರಿರಬಹುದು?

ಆ ರಾತ್ರಿ ಊಟದ ಮೊದಲು ಪುಸ್ತಕವನ್ನು ಮತ್ತೆ ತಿರುವಿ ನೋಡಿದಳು. ರಟ್ಟು ಯಾವುದೋ ಬಣ್ಣದ ಕ್ಯಾಲೆಂಡರಿನ ಅಂಚು. ಅರೆ, ಅದೇ ಕ್ಯಾಲೆಂಡರ್ ತನ್ನ ಗೋಡೆಯಲ್ಲೇ ಇದೆಯಲ್ಲ! ತಳದಲ್ಲಿ ಹಿಂದಿನ ಬೀದಿಯ ಪ್ರೆಸ್ಸಿನ ವಿಳಾಸ.

ಬೆಳಿಗ್ಗೆ ಗುಬ್ಬಿಯ ಕೈ ಹಿಡಿದು ಹೊರಟಳು. ಕಾಗದ ಕತ್ತರಿಸುವ ಯಂತ್ರದ ಹಿಂದೆ ನಿಂತಿದ್ದವನು... ಅವನೇ!

"ನೀವಾ?!"

"ತ... ತಪ್ಪಿತ್ತು," ಎಂದ ಅವನು, ಕಷ್ಟಪಟ್ಟು. "ಹೊ... ಹೊಸ ಪುಸ್ತಕದ ನಾಲ್ಕನೇ ಪುಟದಲ್ಲಿ ಒಂದು ಒತ್ತಕ್ಷರ ನುಸುಳಿತ್ತು. ಮ... ಮಕ್ಕಳು ಎಡವ್ತಾರೆ. ಅದಕ್ಕೆ ವಾಪಸ್ ತಂದೆ."

ನೆಲ ಬಾಯಿ ಬಿಡಬಾರದೇ ಎನಿಸಿತು ಅವಳಿಗೆ. ನಿನ್ನೆಯದು ಜಂಬವಲ್ಲ... ಅಷ್ಟು ಜನರ ಮುಂದೆ ಮಾತು ಹೊರಡದ ಸಂಕಟ!

"ಮಾಮ, ನಿಮಗೂ ಮಾತು ಸಿಕ್ಕಾಕ್ಕೊಳ್ಳುತ್ತಾ?" ಗುಬ್ಬಿಯ ಕಣ್ಣರಳಿತು.

"ಹೂಂ ಪುಟ್ಟಿ. ದಿ... ದಿನಾ."

"ನನಗೂ! ಬೇಕಾದ್ರೆ ಕೇಳಿ!"

ಕಾಗದದ ಕಟ್ಟಿನ ಮೇಲೆ ಹತ್ತಿ ಕೂತು ಗುಬ್ಬಿ ಜೋರಾಗಿ ಓದಿದಳು. ಮೂರು ಕಡೆ ತಡವರಿಸಿದಳು. ಅವನು ಅವಸರಪಡಿಸಲಿಲ್ಲ, ಪದ ಹೇಳಿಕೊಡಲೂ ಇಲ್ಲ. ಸುಮ್ಮನೆ ಕಾದ.

ಹೊರಗಿನವರೆದುರು ಮಗು ಮತ್ತೆ ಬಾಯಿಬಿಟ್ಟು ಓದಿತ್ತು!

"ನಿಮ್ಮನ್ನ ಕಳ್ಳ ಅಂದ್ಕೊಂಡೆ. ತಪ್ಪಾಯ್ತು ರೀ."

"ಪ... ಪರವಾಗಿಲ್ಲ," ಅವನು ನಕ್ಕ. "ನಿಮ್ಮ ಕೂಗಿಗೆ ಎಲ್ರೂ ಹಲ್ಲುನೋವು ಮರೆತ್ರು."

ಆಮೇಲೆ ಪ್ರತಿ ಶನಿವಾರ ಗುಬ್ಬಿ ಎಡವಿದ ಪದಗಳ ಚೀಟಿ ಹಿಡಿದು ಅವಳು ಬರತೊಡಗಿದಳು. ಅವನು ಸಾಲು ತಿದ್ದಿ, ಉಳಿದ ಕಾಗದದಲ್ಲಿ ಅಚ್ಚು ಹಾಕುತ್ತಿದ್ದ. ಪುಸ್ತಕದ ಬೆನ್ನಿಗೆ ಅವಳದೇ ಹೊಲಿಗೆ. ಎಣಿಕೆ ಹನ್ನೆರಡಕ್ಕೆ ಮುಟ್ಟಿತು. ಗುಬ್ಬಿ ಒತ್ತಕ್ಷರಗಳನ್ನೂ ಗೆದ್ದಳು.

"ಈಗ ಪೇಪರನ್ನೇ ಓದ್ತಾಳೆ," ಎಂದಳು ಅವಳು ಒಂದು ಸಂಜೆ. ಸಂತೋಷದ ಮಾತೇ. ಎದೆ ಮಾತ್ರ ಭಾರ... 'ಇನ್ನು ಯಾವ ನೆಪ ಹೇಳಿ ಬರಲಿ?'

"ಹಾ... ಹಾಗಾದ್ರೆ ಶನಿವಾರ?"

"ಶನಿವಾರ ಏನು?"

"ಬೇರೆ ದಿನ ಆರಕ್ಕೇ ಅಂಗಡಿ ಮು... ಮುಚ್ತೀನಿ. ಶನಿವಾರ ಮುಚ್ಚೋಕೆ ಮನಸ್ಸೇ ಬರಲ್ಲ. ನೀವಿರ್ತೀರಲ್ಲ..." ಅವನ ಕಿವಿ ಕೆಂಪಾಯಿತು. "ದಿ... ದಿನಾ ಇದ್ದುಬಿಡಿ. ನನ್ನ ಜೊತೆ."

ಕೈಯಲ್ಲಿದ್ದ ಸೂಜಿ ಜಾರಿ ಬಿತ್ತು.

"ಅಷ್ಟು ಹೇಳೋಕೆ ಹನ್ನೆರಡು ಪುಸ್ತಕ ಬೇಕಾಯ್ತಾ?"

"ಹ... ಹದಿಮೂರನೇದೂ ಶುರು ಮಾಡಿದ್ದೆ."

ಅವಳು ನಕ್ಕಳು. ಕಣ್ಣು ಒರೆಸಿಕೊಂಡು ಕೈ ಚಾಚಿದಳು.

"ಬೀಗದ ಕೈ ಇನ್ನೊಂದು ಮಾಡಿಸಿ. ನಾಳೆಯಿಂದ ಬಾಗಿಲು ನಾನು ತೆಗೀತೀನಿ."